ಐಕಿಯಾ: ಸ್ವೀಡನ್ನಿನ ಮಳಿಗೆ, ಪರದೇಶದ ಮನೆಗಳು

ಐಕಿಯಾ ಪೀಠೋಪಕರಣ ಹಾಗೂ ಮನೆಬಳಕೆಯ ಸಾಮಾನುಗಳನ್ನು ಮಾರುವ, ಸ್ವೀಡನ್ ಮೂಲದ ಚಿಲ್ಲರೆ ಮಾರಾಟ ಸಂಸ್ಥೆ. 1943ರಲ್ಲಿ ಆರಂಭವಾದ ಈ ಸಂಸ್ಥೆ 1963ರಲ್ಲಿ ನಾರ್ವೆಯಲ್ಲಿ ತನ್ನ ಮೊದಲ ವಿದೇಶಿ ಮಳಿಗೆ ತೆರೆಯಿತು. ಇಂದು 60ಕ್ಕೂ ಹೆಚ್ಚು ಮಾರುಕಟ್ಟೆಗಳಲ್ಲಿ ಅದರ 400ಕ್ಕೂ ಹೆಚ್ಚು ಮಳಿಗೆಗಳಿವೆ. ಬಟ್ಟೆ, ಮೊಬೈಲು, ಕಾಫಿ ಮಾರುವ ಬ್ರ್ಯಾಂಡುಗಳೂ ಹೀಗೆ ದೇಶ ದಾಟಿವೆ. ಆದರೆ ಮಂಚ, ಕಪಾಟು, ಅಡುಗೆಮನೆಯ ಕಟ್ಟೆ ಮಾರುವವರ ಕಷ್ಟವೇ ಬೇರೆ. ಜನ ಹೇಗೆ ಮಲಗುತ್ತಾರೆ, ಎಲ್ಲಿ ಕೂತು ಉಣ್ಣುತ್ತಾರೆ, ನೆಲವನ್ನು ಹೇಗೆ ಒರೆಸುತ್ತಾರೆ ಎಂಬುದು ನಾಡಿನಿಂದ ನಾಡಿಗೆ ಬೇರೆಯಾಗುತ್ತದೆ. ಜಾಗತಿಕ ಬ್ರ್ಯಾಂಡೊಂದು ಪರದೇಶದಲ್ಲಿ ಬಾಗಿಲು ತೆರೆಯುವಾಗ ಏನನ್ನು ಪಟ್ಟುಹಿಡಿದು ಉಳಿಸಿಕೊಳ್ಳುತ್ತದೆ, ಏನನ್ನು ಬಿಟ್ಟುಕೊಡಬೇಕಾಗುತ್ತದೆ ಎಂಬುದನ್ನು ಅರಿಯಲು ಐಕಿಯಾದ ಚರಿತ್ರೆ ಒಳ್ಳೆಯ ಆಧಾರ.

ಹುಟ್ಟು ಮತ್ತು ವ್ಯಾಪಾರದ ಮಾದರಿ

ಸಂಸ್ಥಾಪಕ ಇಂಗ್ವಾರ್ ಕಾಂಪ್ರಾಡ್ (1926–2018) ದಕ್ಷಿಣ ಸ್ವೀಡನ್ನಿನ ಸ್ಮೋಲ್ಯಾಂಡ್ ಪ್ರಾಂತದವರು. ಕಲ್ಲುನೆಲ, ಬಡ ಬೇಸಾಯ, ಕೈಬಿಗಿ ಹಿಡಿದು ಬದುಕುವ ಜನ. ಇದು ಆ ಸೀಮೆಯ ಹೆಸರಿಗೆ ಅಂಟಿಕೊಂಡ ಮಾತು. ಕಾಂಪ್ರಾಡ್ 17ನೆಯ ವಯಸ್ಸಿನಲ್ಲಿ ಪೆನ್ನು, ಪರ್ಸು, ಚಿತ್ರದ ಚೌಕಟ್ಟಿನಂಥ ಸಣ್ಣ ಸರಕುಗಳ ವ್ಯಾಪಾರ ಶುರುಮಾಡಿದರು. ತಮ್ಮ ಹೆಸರಿನ ಎರಡು, ಹುಟ್ಟಿಬೆಳೆದ ತೋಟದ ಒಂದು, ಊರಿನ ಒಂದು ಹೀಗೆ ನಾಲ್ಕು ಮೊದಲಕ್ಷರಗಳನ್ನು ಕೂಡಿಸಿ ಸಂಸ್ಥೆಗೆ ಹೆಸರಿಟ್ಟರು. 1948ರಲ್ಲಿ ಪೀಠೋಪಕರಣ ಸೇರಿತು. 1951ರಲ್ಲಿ ಮೊದಲ ಕ್ಯಾಟಲಾಗ್ ಹೊರಬಂತು. 1958ರಲ್ಲಿ ಎಲ್ಮ್‌ಹುಲ್ಟ್ ಎಂಬ ಸಣ್ಣ ಊರಿನಲ್ಲಿ ಮೊದಲ ಮಳಿಗೆ ತೆರೆಯಿತು.

ಸಂಸ್ಥೆಯ ದಿಕ್ಕು ಬದಲಿಸಿದ್ದು 1956ರ ಒಂದು ಸಣ್ಣ ಪ್ರಸಂಗ. ವಿನ್ಯಾಸಕಾರ ಗಿಲ್ಲಿಸ್ ಲುಂಡ್‌ಗ್ರೆನ್ ಒಂದು ಮೇಜನ್ನು ಕಾರಿನಲ್ಲಿ ಇಡಲು ಹೋದಾಗ ಅದು ಒಳಗೆ ಹಿಡಿಯಲಿಲ್ಲ. ಅವರು ಅದರ ಕಾಲುಗಳನ್ನೇ ಬಿಚ್ಚಿದರು. ಬಿಡಿಭಾಗಗಳನ್ನು ಚಪ್ಪಟೆ ಪೆಟ್ಟಿಗೆಯಲ್ಲಿ ಕಟ್ಟಿಕೊಟ್ಟು, ಜೋಡಿಸುವ ಕೆಲಸವನ್ನು ಗಿರಾಕಿಗೇ ಬಿಡುವ ಪದ್ಧತಿ ಅಲ್ಲಿಂದ ಬಲವಾಯಿತು. ಒಂದು ಲಾರಿಯಲ್ಲಿ ಹೆಚ್ಚು ಸರಕು ಹೋಗುತ್ತದೆ, ಗೋದಾಮಿನಲ್ಲಿ ಜಾಗ ಉಳಿಯುತ್ತದೆ, ದಾರಿಯಲ್ಲಿ ಮುರಿಯುವುದು ಕಡಿಮೆಯಾಗುತ್ತದೆ. ಬೆಲೆ ಇಳಿಯುವುದು ಹೀಗೆ. ಸಮುದ್ರ ದಾಟಿ ವ್ಯಾಪಾರ ಮಾಡಲು ದಾರಿ ಮಾಡಿಕೊಟ್ಟದ್ದೂ ಇದೇ ಪದ್ಧತಿ, ಏಕೆಂದರೆ ಜೋಡಿಸಿದ ಕಪಾಟನ್ನು ಹಡಗಿನಲ್ಲಿ ಕಳಿಸುವುದೆಂದರೆ ಬಹುಪಾಲು ಗಾಳಿಗೇ ಬಾಡಿಗೆ ಕಟ್ಟಿದಂತೆ.

ಮೊದಲು ಖರೀದಿ, ಆಮೇಲೆ ಮಾರಾಟ

ಐಕಿಯಾ ಹೊರದೇಶಕ್ಕೆ ಕಾಲಿಟ್ಟದ್ದು ಮಾರುವುದಕ್ಕಲ್ಲ, ಕೊಳ್ಳುವುದಕ್ಕೆ. ಕಾಂಪ್ರಾಡರ ಅಗ್ಗದ ಬೆಲೆಯಿಂದ ಕಂಗಾಲಾದ ಸ್ವೀಡನ್ನಿನ ಪೀಠೋಪಕರಣ ವ್ಯಾಪಾರಿಗಳ ಸಂಘ 1950ರ ದಶಕದಲ್ಲಿ ಅವರನ್ನು ಮೇಳಗಳಿಂದ ಹೊರಗಿಟ್ಟಿತು. ಅವರಿಗೆ ಸರಕು ಕೊಡದಂತೆ ತಯಾರಕರ ಮೇಲೆ ಒತ್ತಡ ಹೇರಿತು. ಸರಕು ಸಿಗದ ಕಾಂಪ್ರಾಡ್ 1960ರ ದಶಕದ ಆರಂಭದಲ್ಲಿ ಬಾಲ್ಟಿಕ್ ಸಮುದ್ರದಾಚೆಯ ಕಮ್ಯುನಿಸ್ಟ್ ಪೋಲೆಂಡಿನ ಕಾರ್ಖಾನೆಗಳ ಬಾಗಿಲು ತಟ್ಟಿದರು. ಅಲ್ಲಿ ಕಾಡಿತ್ತು, ಕೆಲಸ ಬಲ್ಲ ಕೈಗಳಿದ್ದವು, ಕೂಲಿ ಕಡಿಮೆಯಿತ್ತು. ಸ್ವದೇಶದ ಬಹಿಷ್ಕಾರವೇ ಸಂಸ್ಥೆಯನ್ನು ಅಂತರರಾಷ್ಟ್ರೀಯವಾಗಿಸಿತು.

ಭಾರತದ ವಿಷಯದಲ್ಲೂ ಕ್ರಮ ಇದೇ. ಇಲ್ಲಿ ಮಳಿಗೆ ತೆರೆಯುವ ಎಷ್ಟೋ ವರ್ಷ ಮೊದಲೇ ಐಕಿಯಾ ಭಾರತದಿಂದ ಜಮಖಾನೆ, ರತ್ನಗಂಬಳಿ, ಹತ್ತಿಬಟ್ಟೆಗಳನ್ನು ಕೊಂಡು ಯುರೋಪಿನಲ್ಲಿ ಮಾರುತ್ತಿತ್ತು. ಹೊರದೇಶದ ಮಳಿಗೆಯ ಉದ್ಘಾಟನೆ ಕಣ್ಣಿಗೆ ಕಾಣುತ್ತದೆ. ಅದಕ್ಕೂ ಹಿಂದೆ ದಶಕಗಟ್ಟಲೆ ನಡೆದ ಖರೀದಿ ಕಾಣುವುದಿಲ್ಲ. ಮಾರಾಟದ ಬ್ರ್ಯಾಂಡುಗಳ ಚರಿತ್ರೆ ಬರೆಯುವಾಗ ಈ ಎರಡನೆಯದಕ್ಕೆ ಹೆಚ್ಚು ಜಾಗ ಸಲ್ಲಬೇಕು.

ಯುರೋಪಿನಿಂದ ಆಚೆಗೆ

ನಾರ್ವೆಯ ಓಸ್ಲೋ ಹತ್ತಿರದ ಮಳಿಗೆಯ ನಂತರ 1969ರಲ್ಲಿ ಡೆನ್ಮಾರ್ಕ್ ಸೇರಿತು. ಇವೆರಡೂ ಭಾಷೆ, ಹವೆ, ಮನೆಗಳ ರೀತಿ ಎಲ್ಲದರಲ್ಲೂ ಸ್ವೀಡನ್ನಿಗೆ ನೆರೆಯವು. ನಿಜವಾದ ಪರೀಕ್ಷೆ ಬಂದದ್ದು 1973ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ಸಮೀಪ ಮಳಿಗೆ ತೆರೆದಾಗ. ಮರುವರ್ಷವೇ ಜರ್ಮನಿಯ ಮ್ಯೂನಿಕ್ ಬಳಿ ಇನ್ನೊಂದು ಬಂತು. ಮುಂದೆ ಜರ್ಮನಿಯೇ ಸಂಸ್ಥೆಯ ಅತಿ ದೊಡ್ಡ ಮಾರುಕಟ್ಟೆಯಾಯಿತು. 1975ರಲ್ಲಿ ಆಸ್ಟ್ರೇಲಿಯಾ, 1976ರಲ್ಲಿ ಕೆನಡಾ, 1985ರಲ್ಲಿ ಅಮೆರಿಕ, 1987ರಲ್ಲಿ ಬ್ರಿಟನ್, 1998ರಲ್ಲಿ ಚೀನಾ, 2000ದಲ್ಲಿ ರಷ್ಯಾ, 2014ರಲ್ಲಿ ದಕ್ಷಿಣ ಕೊರಿಯಾ ಹೀಗೆ ಪಟ್ಟಿ ಬೆಳೆಯಿತು.

ಎಲ್ಲ ಕಡೆಯೂ ಮೂಲ ಚೌಕಟ್ಟು ಒಂದೇ. ನಗರದಂಚಿನಲ್ಲಿ ನೀಲಿ-ಹಳದಿಯ ದೊಡ್ಡ ಕಟ್ಟಡ, ಸಜ್ಜುಗೊಳಿಸಿದ ಕೋಣೆಗಳ ನಡುವೆ ಸುತ್ತಿಸಿಕೊಂಡು ಹೋಗುವ ದಾರಿ, ನಡುವೆ ಊಟದ ಜಾಗ, ಮಕ್ಕಳಿಗೆ ಆಟದ ಕೋಣೆ, ಕೊನೆಗೆ ಗಿರಾಕಿಯೇ ಪೆಟ್ಟಿಗೆ ಎತ್ತಿಕೊಳ್ಳುವ ಗೋದಾಮು. ಸರಕುಗಳ ಸ್ವೀಡಿಷ್ ಹೆಸರುಗಳೂ ಬದಲಾಗುವುದಿಲ್ಲ. 1979ರಲ್ಲಿ ಬಂದ ‘ಬಿಲ್ಲಿ’ ಪುಸ್ತಕದ ಕಪಾಟು ಎಲ್ಲ ದೇಶಗಳಲ್ಲೂ ಬಿಲ್ಲಿಯೇ.

ಜಪಾನ್ ಮತ್ತು ಅಮೆರಿಕ ಕಲಿಸಿದ್ದು

ಜಪಾನಿನಲ್ಲಿ ಈ ಚೌಕಟ್ಟು ಸೋತಿತು. 1974ರಲ್ಲಿ ಅಲ್ಲಿನ ಪಾಲುದಾರರೊಡನೆ ಪ್ರವೇಶಿಸಿದ ಸಂಸ್ಥೆ 1986ರಲ್ಲಿ ಹಿಂದೆ ಸರಿಯಿತು. ಸಣ್ಣ ಮನೆಗಳಿಗೆ ಯುರೋಪಿನ ಅಳತೆಯ ಸಾಮಾನು ಹೊಂದಲಿಲ್ಲ. ಅಚ್ಚುಕಟ್ಟಾಗಿ ತಯಾರಾದ ಸರಕು ಮನೆಬಾಗಿಲಿಗೆ ಬರಬೇಕೆಂದು ನಿರೀಕ್ಷಿಸುವ ಗಿರಾಕಿಗಳಿಗೆ ತಾವೇ ಹೊತ್ತು ತಂದು ಜೋಡಿಸುವ ಪದ್ಧತಿ ಒಗ್ಗಲಿಲ್ಲ. ಇಪ್ಪತ್ತು ವರ್ಷಗಳ ಬಳಿಕ, 2006ರಲ್ಲಿ, ಟೋಕಿಯೋ ಹತ್ತಿರದ ಫುನಬಾಶಿಯಲ್ಲಿ ಐಕಿಯಾ ಮತ್ತೆ ಬಾಗಿಲು ತೆರೆಯಿತು. ಈ ಸಲ ಇಕ್ಕಟ್ಟಿನ ಮನೆಗೆ ಒಪ್ಪುವ ಕೋಣೆಗಳನ್ನು ಸಜ್ಜುಗೊಳಿಸಿ ತೋರಿಸಿತು. ಮನೆಗೆ ತಲುಪಿಸುವ, ಜೋಡಿಸಿಕೊಡುವ ಸೇವೆಯನ್ನೂ ಕೊಟ್ಟಿತು.

ಅಮೆರಿಕದಲ್ಲಿ ಎದುರಾದ ಕಷ್ಟ ತಿರುಗುಮುರುಗು. 1985ರಲ್ಲಿ ಫಿಲಡೆಲ್ಫಿಯಾ ಬಳಿ ಮೊದಲ ಮಳಿಗೆ ತೆರೆದಾಗ ಜನ ಕಿಕ್ಕಿರಿದರು, ಆದರೆ ಸರಕು ಅವರ ಮನೆಗೆ ಹೊಂದಲಿಲ್ಲ. ಸೆಂಟಿಮೀಟರ್ ಅಳತೆಯ ಮಂಚಕ್ಕೆ ಅಮೆರಿಕದ ಹೊದಿಕೆಗಳು ಸರಿಹೋಗುತ್ತಿರಲಿಲ್ಲ. ದಪ್ಪ ಸ್ವೆಟರ್‌ಗಳಿಗೆ ಡ್ರಾಯರಿನ ಆಳ ಸಾಲುತ್ತಿರಲಿಲ್ಲ. ಐಕಿಯಾದ ಲೋಟಗಳಲ್ಲಿ ಮಂಜುಗಡ್ಡೆ ಹಾಕಲು ಜಾಗವಿಲ್ಲದೆ ಜನ ಹೂದಾನಿಗಳನ್ನೇ ಲೋಟವೆಂದು ಕೊಂಡೊಯ್ದರು. 1990ರ ದಶಕದ ಆರಂಭದಲ್ಲಿ ಸಂಸ್ಥೆ ಮಂಚದ ಅಗಲ, ಡ್ರಾಯರಿನ ಆಳ, ಲೋಟದ ಗಾತ್ರ ಮೂರನ್ನೂ ಬದಲಿಸಿತು. ಮಾರಾಟ ಚೇತರಿಸಿಕೊಂಡಿತು.

ಚೀನಾದ ಪ್ರಶ್ನೆ ಬೆಲೆಯದಾಗಿತ್ತು. ಯುರೋಪಿನಲ್ಲಿ ಅಗ್ಗವೆನಿಸಿದ್ದು 1998ರ ಶಾಂಘೈನಲ್ಲಿ ದುಬಾರಿ. ಸ್ಥಳೀಯ ಕಾರ್ಖಾನೆಗಳಿಂದ ಖರೀದಿ ಹೆಚ್ಚಿಸಿ ಸಂಸ್ಥೆ ವರ್ಷದಿಂದ ವರ್ಷಕ್ಕೆ ಬೆಲೆ ಇಳಿಸಿತು. ಕಾರಿಲ್ಲದ ಗಿರಾಕಿಗಳಿಗಾಗಿ ಸಾರಿಗೆ ನಿಲ್ದಾಣಗಳ ಹತ್ತಿರ ಜಾಗ ಹಿಡಿಯಿತು. ಫ್ಲ್ಯಾಟುಗಳ ಬಾಲ್ಕನಿಯನ್ನೂ ಸಜ್ಜುಗೊಳಿಸಿ ತೋರಿಸಿತು. ಪ್ರದರ್ಶನಕ್ಕಿಟ್ಟ ಮಂಚಗಳ ಮೇಲೆ ಜನ ನಿದ್ದೆ ಹೋಗುವುದು ಅಲ್ಲಿ ಮಾಮೂಲಾಯಿತು.

ಒಡೆತನ

ಹೊರಗಿನಿಂದ ಒಂದೇ ಕಂಪನಿಯಂತೆ ಕಂಡರೂ ಐಕಿಯಾ ಹಲವು ಸಂಸ್ಥೆಗಳ ಕೂಟ. ಹೆಸರು ಮತ್ತು ವ್ಯಾಪಾರ ಮಾದರಿಯ ಹಕ್ಕು ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿರುವ ಇಂಟರ್ ಐಕಿಯಾ ಸಿಸ್ಟಮ್ಸ್‌ನದು. ಮಳಿಗೆ ನಡೆಸುವವರೆಲ್ಲ ಅದರ ಫ್ರಾಂಚೈಸಿಗಳು. ಮಾರಾಟದ ಶೇ 3ರಷ್ಟನ್ನು ಶುಲ್ಕವಾಗಿ ಕೊಡುತ್ತಾರೆ. ಇವರಲ್ಲಿ ಅತಿ ದೊಡ್ಡದು ಇಂಗ್ಕಾ ಸಮೂಹ. ಭಾರತದ ಮಳಿಗೆಗಳು ಇದರವೇ. ಯುಎಇಯಂಥ ಕಡೆ ಅಲ್ಲಿನ ವ್ಯಾಪಾರ ಮನೆತನಗಳು ಫ್ರಾಂಚೈಸಿ ಪಡೆದಿವೆ. ಸ್ವಂತ ಹಣ ಹೂಡುವುದು, ಸ್ಥಳೀಯ ಪಾಲುದಾರನನ್ನು ಕೂಡಿಕೊಳ್ಳುವುದು, ಹೆಸರನ್ನು ಮಾತ್ರ ಬಾಡಿಗೆಗೆ ಕೊಡುವುದು: ಜಾಗತಿಕ ಬ್ರ್ಯಾಂಡುಗಳು ಪರದೇಶ ಪ್ರವೇಶಿಸುವ ಮುಖ್ಯ ದಾರಿಗಳು ಈ ಮೂರೇ. ಸ್ಟಾರ್‌ಬಕ್ಸ್ 2012ರಲ್ಲಿ ಟಾಟಾ ಜೊತೆಗೂಡಿ ಭಾರತಕ್ಕೆ ಬಂದದ್ದು ಎರಡನೆಯ ದಾರಿಯಲ್ಲಿ.

ಭಾರತಕ್ಕೆ ಬಂದ ಬಗೆ

ಭಾರತದಲ್ಲಿ ಮೊದಲ ಅಡ್ಡಿ ಕಾನೂನಿನದು. ಒಂದೇ ಬ್ರ್ಯಾಂಡಿನ ಚಿಲ್ಲರೆ ಮಾರಾಟದಲ್ಲಿ ಶೇ 100ರಷ್ಟು ವಿದೇಶಿ ನೇರ ಹೂಡಿಕೆಗೆ ಕೇಂದ್ರ ಸರ್ಕಾರ 2012ರ ಜನವರಿಯಲ್ಲಿ ಅನುಮತಿ ಕೊಟ್ಟಿತು. ಜೊತೆಗೆ ಶೇ 30ರಷ್ಟು ಸರಕನ್ನು ದೇಶದೊಳಗಿನ ಸಣ್ಣ ಉದ್ಯಮಗಳಿಂದಲೇ ಕೊಳ್ಳಬೇಕೆಂಬ ಷರತ್ತಿತ್ತು. ಐಕಿಯಾ ಅದೇ ಜೂನ್‌ನಲ್ಲಿ ₹10,500 ಕೋಟಿ ಹೂಡಿಕೆಯ ಅರ್ಜಿ ಹಾಕಿತು. ಸಣ್ಣ ಉದ್ಯಮ ದೊಡ್ಡದಾಗಿ ಬೆಳೆದರೆ ಲೆಕ್ಕದಿಂದ ಹೊರಗುಳಿಯುತ್ತದೆ ಎಂಬುದು ಅದರ ತಕರಾರು. ಆ ವರ್ಷ ಸೆಪ್ಟೆಂಬರ್‌ನಲ್ಲಿ ನಿಯಮ ಸಡಿಲವಾಗಿ, ಸಣ್ಣ ಉದ್ಯಮಗಳಿಂದ ಕೊಳ್ಳುವುದು ಕಡ್ಡಾಯದ ಬದಲು ಆದ್ಯತೆಯಾಯಿತು. ಮಳಿಗೆಯೊಳಗಿನ ಊಟದ ಜಾಗಕ್ಕೂ ಮೊದಲು ಆಕ್ಷೇಪ ಬಂತು. ಅಂತಿಮ ಒಪ್ಪಿಗೆ ಸಿಕ್ಕಿದ್ದು 2013ರಲ್ಲಿ. 2019ರಲ್ಲಿ ನಿಯಮ ಮತ್ತಷ್ಟು ಸಡಿಲವಾಗಿ, ರಫ್ತಿಗೆ ಕೊಂಡ ಸರಕೂ ಶೇ 30ರ ಲೆಕ್ಕಕ್ಕೆ ಸೇರಿತು.

ಮಳಿಗೆ ತೆರೆಯುವ ಮೊದಲು ಸಂಸ್ಥೆಯ ಸಿಬ್ಬಂದಿ ದೇಶದ ನಾನಾ ನಗರಗಳ ಸುಮಾರು ಸಾವಿರ ಮನೆಗಳಿಗೆ ಹೋಗಿ ಬಂದರು. ಅಲ್ಲಿ ಕಂಡದ್ದು ಸರಕಿನ ಪಟ್ಟಿಯನ್ನು ತಿದ್ದಿತು. ಮಸಾಲೆ ಡಬ್ಬಿ, ಇಡ್ಲಿ ಪಾತ್ರೆ ಸೇರಿದವು. ತೆಂಗಿನ ನಾರಿನ ಹಾಸಿಗೆ ಬಂತು. ಚಾಕು-ಮುಳ್ಳಿಗಿಂತ ಚಮಚ ಹೆಚ್ಚು ಬೇಕೆಂಬುದು ತಿಳಿಯಿತು. ನೀರು ಹಾಕಿ ನೆಲ ಒರೆಸುವ ಮನೆಗಳಲ್ಲಿ ಕಪಾಟಿನ ಬುಡ ನೆನೆಯದಂತೆ ನೋಡಿಕೊಳ್ಳಬೇಕಾಯಿತು. ಊಟದ ಜಾಗದಲ್ಲಿ ದನ ಮತ್ತು ಹಂದಿ ಮಾಂಸ ಬಿಟ್ಟು ಕೋಳಿಮಾಂಸದ ಹಾಗೂ ತರಕಾರಿಯ ಉಂಡೆಗಳನ್ನು ಇಟ್ಟರು. ಬಿರಿಯಾನಿ, ಸಮೋಸಾ ಜೊತೆಯಾದವು.

ದೊಡ್ಡ ಬದಲಾವಣೆ ಬಡಗಿಯ ವಿಷಯದಲ್ಲಿ. ಭಾರತದಲ್ಲಿ ಮರಗೆಲಸವೆಂದರೆ ಬಡಗಿ ಮನೆಗೇ ಬಂದು, ಅಳತೆ ತೆಗೆದು ಮಾಡಿಕೊಡುವ ಕೆಲಸ. ಸ್ಕ್ರೂ ತಿರುಗಿಸಿ ತಾನೇ ಮಂಚ ಜೋಡಿಸುವ ರೂಢಿ ನಮ್ಮಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಐಕಿಯಾ ಸ್ವಂತ ತಂಡ ಕಟ್ಟಿತು, ಮನೆ ದುರಸ್ತಿಯ ಸೇವೆ ಒದಗಿಸುವ ಅರ್ಬನ್‌ಕ್ಲಾಪ್ ಜೊತೆಗೂ ಒಪ್ಪಂದ ಮಾಡಿಕೊಂಡಿತು. ಗಿರಾಕಿಯ ದುಡಿಮೆಯ ಮೇಲೆ ನಿಂತ ಮಾದರಿ ಇಲ್ಲಿ ತನ್ನ ಒಂದು ಮುಖ್ಯ ಕಂಬವನ್ನೇ ಬದಲಿಸಿಕೊಂಡಿತು.

ಕಾಂಪ್ರಾಡ್ ತೀರಿಕೊಂಡು ಏಳು ತಿಂಗಳೊಳಗೆ, 2018ರ ಆಗಸ್ಟ್ 9ರಂದು, ಹೈದರಾಬಾದಿನ ಹೈಟೆಕ್ ಸಿಟಿಯಲ್ಲಿ 4 ಲಕ್ಷ ಚದರ ಅಡಿಯ ಮೊದಲ ಮಳಿಗೆ ತೆರೆಯಿತು. ಸುಮಾರು 7,500 ಬಗೆಯ ಸರಕು, ಅದರಲ್ಲಿ ಸಾವಿರದಷ್ಟು ₹200ಕ್ಕಿಂತ ಕಡಿಮೆ ಬೆಲೆಯವು. ಮೊದಲ ದಿನವೇ ಜನ ಮುಗಿಬಿದ್ದು ಸುತ್ತಲಿನ ರಸ್ತೆಗಳಲ್ಲಿ ವಾಹನಗಳು ನಿಂತುಹೋದವು. 2020ರ ಡಿಸೆಂಬರ್‌ನಲ್ಲಿ ನವಿ ಮುಂಬೈಯ ತುರ್ಭೆಯಲ್ಲಿ ಎರಡನೆಯದು ಬಂತು.

ಬೆಂಗಳೂರಿನ ಮಳಿಗೆ

ಬೆಂಗಳೂರಿನ ಮಳಿಗೆ 2022ರ ಜೂನ್ 22ರಂದು ತುಮಕೂರು ರಸ್ತೆಯ ನಾಗಸಂದ್ರದಲ್ಲಿ ಆರಂಭವಾಯಿತು. ವಿಸ್ತೀರ್ಣ 4.6 ಲಕ್ಷ ಚದರ ಅಡಿ. ನಮ್ಮ ಮೆಟ್ರೊ ಹಸಿರು ಮಾರ್ಗದ ನಾಗಸಂದ್ರ ನಿಲ್ದಾಣ ಪಕ್ಕದಲ್ಲೇ ಇರುವುದು ಇದರ ವಿಶೇಷ. ಮೊದಲ ವಾರಾಂತ್ಯದಲ್ಲಿ ಒಳಹೋಗಲು ಮೂರು ಗಂಟೆ ಕಾಯಬೇಕಾಗಬಹುದೆಂದು ಸಂಸ್ಥೆಯೇ ಪ್ರಕಟಿಸಿತು.

ಐಕಿಯಾ ಬರುವ ಹೊತ್ತಿಗೆ ಪೀಠೋಪಕರಣಗಳ ಹೊಸ ಮಾರುಕಟ್ಟೆಯೊಂದು ಬೆಂಗಳೂರಿನಲ್ಲಿ ಆಗಲೇ ಬೆಳೆದಿತ್ತು. 2012ರಲ್ಲಿ ಇಲ್ಲೇ ಹುಟ್ಟಿದ ಅರ್ಬನ್ ಲ್ಯಾಡರ್ ಆನ್‌ಲೈನ್ ಮಾರಾಟದಲ್ಲಿ ಹೆಸರು ಮಾಡಿ, 2020ರಲ್ಲಿ ರಿಲಯನ್ಸ್ ರಿಟೇಲ್ ಪಾಲಾಗಿತ್ತು. ಗಿರಾಕಿಗಳೂ ಹಕ್ಕು ಕೇಳುವವರು. ಸಂಸ್ಥೆಯ ಲಾಂಛನವಿದ್ದ ಕಾಗದದ ಚೀಲಕ್ಕೆ ₹20 ಪಡೆದದ್ದು ಅನುಚಿತ ವ್ಯಾಪಾರ ಪದ್ಧತಿ ಎಂದು ನಗರದ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗ 2023ರಲ್ಲಿ ತೀರ್ಪಿತ್ತು, ಹಣ ಹಿಂದಿರುಗಿಸಿ ಪರಿಹಾರ ಕೊಡಲು ಆದೇಶಿಸಿತು.

ವಿವಾದಗಳು

ಅಗ್ಗದ ಬೆಲೆಯ ಹಿಂದೆ ಯಾರ ದುಡಿಮೆಯಿದೆ ಎಂಬ ಪ್ರಶ್ನೆ ಐಕಿಯಾವನ್ನು ಬಿಟ್ಟಿಲ್ಲ, ಬಿಡಲೂ ಬಾರದು. 1990ರ ದಶಕದಲ್ಲಿ ದಕ್ಷಿಣ ಏಷ್ಯಾದ ಕಂಬಳಿ ನೇಯ್ಗೆಯಲ್ಲಿ ಬಾಲಕಾರ್ಮಿಕರಿದ್ದಾರೆಂಬ ವರದಿಗಳು ಬಂದವು. ಅದರ ನಂತರ ಸಂಸ್ಥೆ 2000ದಲ್ಲಿ ಪೂರೈಕೆದಾರರಿಗೆ ನೀತಿಸಂಹಿತೆ ತಂದಿತು. ಉತ್ತರ ಪ್ರದೇಶದ ಕಂಬಳಿ ನೇಯುವ ಸೀಮೆಯಲ್ಲಿ ಯುನಿಸೆಫ್ ಜೊತೆ ಶಿಕ್ಷಣದ ಕಾರ್ಯಕ್ರಮ ಆರಂಭಿಸಿತು. ಹಿಂದಿನ ಪೂರ್ವ ಜರ್ಮನಿಯಲ್ಲಿ ರಾಜಕೀಯ ಕೈದಿಗಳಿಂದ ದುಡಿಸಿ ತಯಾರಿಸಿದ ಸರಕು ತನ್ನ ಮಳಿಗೆ ಸೇರಿತ್ತೆಂದು 2012ರಲ್ಲಿ ಒಪ್ಪಿ ವಿಷಾದಿಸಿತು. ಅದೇ ವರ್ಷ ಸೌದಿ ಅರೇಬಿಯದ ಕ್ಯಾಟಲಾಗಿನ ಚಿತ್ರಗಳಿಂದ ಹೆಂಗಸರನ್ನು ಅಳಿಸಿದ್ದು ಬಯಲಾಗಿ ಸ್ವೀಡನ್ನಿನಲ್ಲೇ ಆಕ್ರೋಶ ಎದ್ದಿತು. ಸಂಸ್ಥೆ ಕ್ಷಮೆ ಕೇಳಿತು. ಉದ್ಯೋಗಿಗಳ ಮೇಲೆ ಬೇಹುಗಾರಿಕೆ ನಡೆಸಿದ್ದಕ್ಕೆ 2021ರಲ್ಲಿ ಫ್ರಾನ್ಸಿನ ನ್ಯಾಯಾಲಯ ಅಲ್ಲಿನ ಅಂಗಸಂಸ್ಥೆಗೆ 10 ಲಕ್ಷ ಯೂರೊ ದಂಡ ವಿಧಿಸಿತು.

ರಷ್ಯಾದ ಅನುಭವ ಬೇರೆ ಬಗೆಯದು. ಲಂಚದ ಕಾಟದಿಂದ 2009ರಲ್ಲಿ ಅಲ್ಲಿ ಹೊಸ ಹೂಡಿಕೆ ನಿಲ್ಲಿಸಿದ ಸಂಸ್ಥೆ, ಉಕ್ರೇನ್ ಮೇಲಿನ ಆಕ್ರಮಣದ ಬಳಿಕ 2022ರ ಮಾರ್ಚ್‌ನಲ್ಲಿ ಎಲ್ಲ ಮಳಿಗೆಗಳನ್ನೂ ಮುಚ್ಚಿತು.

ಈಚಿನ ಬದಲಾವಣೆಗಳು

ಕಾರಿನಲ್ಲಿ ಊರಾಚೆಗೆ ಹೋಗಿ ದಿನವಿಡೀ ಸುತ್ತುವ ಗಿರಾಕಿಯನ್ನು ನಂಬಿದ್ದ ಮಾದರಿ ಈಗ ನಗರದೊಳಕ್ಕೆ ಬರುತ್ತಿದೆ. 2019ರಲ್ಲಿ ಪ್ಯಾರಿಸ್ಸಿನ ನಡುವೆ, 2021ರ ಡಿಸೆಂಬರ್‌ನಲ್ಲಿ ಮುಂಬೈಯ ವರ್ಲಿಯಲ್ಲಿ ಸಣ್ಣ ಮಳಿಗೆಗಳು ತೆರೆದವು. ಮುದ್ರಿತ ಕ್ಯಾಟಲಾಗನ್ನು ಎಪ್ಪತ್ತು ವರ್ಷಗಳ ಬಳಿಕ ನಿಲ್ಲಿಸುವುದಾಗಿ 2020ರಲ್ಲಿ ಸಂಸ್ಥೆ ಪ್ರಕಟಿಸಿತು. ಭಾರತದಲ್ಲಿ ದೊಡ್ಡ ಮಳಿಗೆ, ಸಣ್ಣ ಮಳಿಗೆ, ಆನ್‌ಲೈನ್ ಮಾರಾಟ ಮೂರೂ ಈಗ ಜೊತೆಜೊತೆಯಾಗಿ ನಡೆಯುತ್ತಿವೆ. ಇಲ್ಲಿನ ಕಾರ್ಖಾನೆ ಮತ್ತು ಮಗ್ಗಗಳಿಂದ ಕೊಂಡ ಸರಕು ಇಲ್ಲಿಯ ಮಳಿಗೆಗಳಿಗೂ ಹೋಗುತ್ತದೆ, ಬೇರೆ ದೇಶಗಳಿಗೂ ರವಾನೆಯಾಗುತ್ತದೆ.