ಚಿನ್ನದ ಕೆಂಪು ಗೆರೆ ಸುಳ್ಯಕ್ಕೆ ಬಂದ ದಾರಿ

ನಮ್ಮ ಸುಳ್ಯದ ಕಡೆ ಜೂನ್ ಬಂತೆಂದರೆ ಮಳೆಯ ಜೊತೆಗೇ ಜ್ವರದ ಮಾತೂ ಶುರು. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಮರಕ್ಕೆ ಕಟ್ಟಿದ ಗೆರಟೆ, ಎಲ್ಲದರಲ್ಲೂ ನೀರು ನಿಲ್ಲುತ್ತದೆ. ಈಡಿಸ್ ಸೊಳ್ಳೆಗೆ ಅಷ್ಟು ಸಾಕು. 2008ರಲ್ಲಿ ಚಿಕುನ್‌ಗುನ್ಯಾ ದಕ್ಷಿಣ ಕನ್ನಡದ ಹಳ್ಳಿಗಳಿಗೆ ನುಗ್ಗಿದ್ದನ್ನು, ಆಮೇಲೆ ತಿಂಗಳುಗಟ್ಟಲೆ ಉಳಿದ ಗಂಟು ನೋವನ್ನು ಇಲ್ಲಿಯವರು ಮರೆತಿಲ್ಲ. ಈಗಂತೂ ಮೈ ಬಿಸಿಯಾದರೆ ಮೊದಲ ಹೆದರಿಕೆ ಡೆಂಗಿಯದ್ದು. ಲ್ಯಾಬಿನಲ್ಲಿ ಒಂದು ಪ್ಲಾಸ್ಟಿಕ್ ಕಾರ್ಡಿಗೆ ಒಂದೆರಡು ಹನಿ ಬಿಟ್ಟು ಕಾಲು ಗಂಟೆ ಕಾಯುತ್ತಾರೆ. ಗೆರೆ ಒಂದೋ, ಎರಡೋ?

ಆ ಕೆಂಪು ಗೆರೆ ಯಾತರದ್ದು ಅಂತ ನೀವು ಯಾವತ್ತಾದರೂ ಯೋಚಿಸಿದ್ದೀರಾ? ರಕ್ತದ್ದಲ್ಲ, ಶಾಯಿಯದ್ದೂ ಅಲ್ಲ. ಇಂಥ ಬಹಳಷ್ಟು ಕಾರ್ಡುಗಳಲ್ಲಿ ಅದು ಚಿನ್ನ ಮಾರಾಯ್ರೆ, ಅಪ್ಪಟ ಚಿನ್ನ! ಕರಗಿಸಿ ಬಳೆ ಮಾಡಿಸುವಷ್ಟೇನೂ ಇಲ್ಲ, ಆಸೆ ಬೇಡ :)

ಇದರ ಕಥೆ 1857ಕ್ಕೆ ಹೋಗುತ್ತದೆ. ಇತ್ತ ನಮ್ಮಲ್ಲಿ ಸಿಪಾಯಿ ದಂಗೆ ನಡೆದ ವರ್ಷವೇ ಅತ್ತ ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆ ಚಿನ್ನದ ಲವಣದ ದ್ರಾವಣಕ್ಕೆ ರಂಜಕ ಸೇರಿಸಿ ಮಾಣಿಕ್ಯದಂಥ ಕೆಂಪು ನೀರು ಮಾಡಿದ. ನೀರು ಕೆಂಪಾಗಿದ್ದು ಚಿನ್ನ ಅತಿಸಣ್ಣ ಕಣಗಳಾಗಿ ತೇಲುತ್ತಿರುವುದರಿಂದ ಅಂತ ಅವನೇ ಹೇಳಿದ. ಆ ಕಣಗಳನ್ನು ಕಣ್ಣಿಂದ ನೋಡುವ ಸಾಧನ ಆಗಿರಲಿಲ್ಲ, ಬರೀ ಬೆಳಕು ಬಿಟ್ಟು ಊಹಿಸಿದ್ದು. ಅದರ ಲೆಕ್ಕ ಬಿಡಿಸಿದ್ದು 1908ರಲ್ಲಿ ಜರ್ಮನಿಯ ಗುಸ್ತಾವ್ ಮೀ.

ಸಂಗತಿ ಇಷ್ಟೆ. ಲೋಹದೊಳಗೆ ಎಲೆಕ್ಟ್ರಾನುಗಳು ಸ್ವತಂತ್ರವಾಗಿ ಓಡಾಡುತ್ತಿರುತ್ತವೆ. ಕಣ ತೀರಾ ಸಣ್ಣದಾದರೆ, ಅಂದರೆ 20-40 ನ್ಯಾನೋಮೀಟರ್ ಆಸುಪಾಸಿನದಾದರೆ, ಬೆಳಕು ಬಿದ್ದಾಗ ಅವೆಲ್ಲ ಒಟ್ಟಿಗೆ ಅತ್ತಿತ್ತ ತೂಗತೊಡಗುತ್ತವೆ. ತೊಟ್ಟಿಲಿಗೆ ಸರಿಯಾದ ಹೊತ್ತಿಗೆ ಕೈ ಕೊಟ್ಟ ಹಾಗೆ. ಚಿನ್ನದ ಕಣಕ್ಕೆ ಆ ಸರಿಯಾದ ಬೆಳಕು ಸುಮಾರು 520 ನ್ಯಾನೋಮೀಟರಿನ ಹಸಿರು. ಹಸಿರನ್ನು ಅದು ನುಂಗುತ್ತದೆ, ನಮಗೆ ಉಳಿದ ಕೆಂಪು ಕಾಣುತ್ತದೆ. ಈ ತೂಗಾಟಕ್ಕೇ ಪ್ಲಾಸ್ಮಾನ್ ಅಂತ ಹೆಸರು.

1971ರಲ್ಲಿ ಫಾಕ್ ಮತ್ತು ಟೇಲರ್ ಚಿನ್ನದ ಕಣಕ್ಕೆ ಪ್ರತಿಕಾಯಗಳನ್ನು ಅಂಟಿಸಿದರು. ಕಾರ್ಡಿನಲ್ಲಿ ನಡೆಯುವುದೂ ಅದೇ. ಚಿನ್ನಕ್ಕಂಟಿದ ಪ್ರತಿಕಾಯ ಡೆಂಗಿಯ ಎನ್‌ಎಸ್1 ಪ್ರೋಟೀನನ್ನು ಹಿಡಿದುಕೊಂಡು ಹರಿಯುತ್ತದೆ, ಗೆರೆಯ ಜಾಗದಲ್ಲಿ ಕಾದು ಕೂತ ಇನ್ನೊಂದು ಪ್ರತಿಕಾಯ ಅದನ್ನು ತಡೆಯುತ್ತದೆ. ಚಿನ್ನ ಅಲ್ಲಿ ಗುಂಪುಗೂಡಿದಾಗ ಗೆರೆ. ಕರೆಂಟೂ ಬೇಡ, ಯಂತ್ರವೂ ಬೇಡ.

ದೊಡ್ಡ ಯಂತ್ರದ ದಾರಿಯೂ ಒಂದಿತ್ತು. 1983ರಲ್ಲಿ ಸ್ವೀಡನ್ನಿನ ಲಿಂಕೋಪಿಂಗಿನಲ್ಲಿ ಲೀಡ್‌ಬರ್ಗ್, ನೈಲಾಂಡರ್, ಲುಂಡ್‌ಸ್ಟ್ರೋಮ್ ಲೋಹದ ತೆಳು ಪದರದ ಮೇಲಿನ ಪ್ಲಾಸ್ಮಾನಿನಿಂದ ಪ್ರೋಟೀನುಗಳು ಅಂಟುವುದನ್ನು ಗುರುತಿಸಿದರು. 1990ರಲ್ಲಿ ಬಯಾಕೋರ್ ಯಂತ್ರ ಬಂತು. ಅದು ಸಂಶೋಧನಾಲಯದ ಮೇಜು ಬಿಟ್ಟು ಹಳ್ಳಿಗೆ ಇಳಿಯುವಂಥದ್ದಲ್ಲ. ಒರಟು ಬೆಳ್ಳಿಯ ಮೇಲೆ ರಾಮನ್ ಸಂಕೇತ ಭಾರೀ ಹೆಚ್ಚುವುದು 1970ರ ದಶಕದಲ್ಲೇ ಗೊತ್ತಾಯಿತು. ಬೆಂಗಳೂರಿನಲ್ಲಿ ಬಾಳಿದ ಸಿ.ವಿ. ರಾಮನ್ 1928ರಲ್ಲಿ ಕಂಡದ್ದಕ್ಕೆ ಸಿಕ್ಕ ಹೊಸ ಜೀವ ಅದು. ನ್ಯಾನೋ ರಂಧ್ರ, ನ್ಯಾನೋ ಕಂಬಗಳ ಚಿಪ್ಪುಗಳು ಆಮೇಲೆ ಬಂದವು. ಪ್ರಬಂಧಗಳಿಗೇನೂ ಬರಗಾಲವಿಲ್ಲ, ಸುಳ್ಯಕ್ಕೆ ಬಂದದ್ದು ಮಾತ್ರ ಫ್ಯಾರಡೆಯ ಕೆಂಪು ನೀರೇ!

ಬೆಂಗಳೂರಿನ ಬಿಗ್‌ಟೆಕ್‌ನವರ ಟ್ರೂನ್ಯಾಟ್ ಬ್ಯಾಟರಿಯಲ್ಲಿ ಓಡುವ ಸಣ್ಣ ಪಿಸಿಆರ್. ಅದು ಊರೂರಿಗೆ ಹೋಯಿತು, 2020ರಲ್ಲಿ ಕ್ಷಯ ಪರೀಕ್ಷೆಗೆ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆಯೂ ಸಿಕ್ಕಿತು. ಆದರೆ ಅದರಲ್ಲಿ ಪ್ಲಾಸ್ಮಾನ್ ಇಲ್ಲ. ಚುರುಕುತನ ಒಂದೇ ಸಾಲದು, ಅಗ್ಗವಿರಬೇಕು, ನಮ್ಮ ಮಳೆಗಾಲದ ಥಂಡಿಯನ್ನೂ ತಡೆಯಬೇಕು ಎನ್ನುವುದು ನನ್ನ ಅನಿಸಿಕೆ.

ಹಾಗಂತ ಕಾರ್ಡನ್ನು ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಎನ್‌ಎಸ್1 ಜ್ವರದ ಮೊದಲ ದಿನಗಳಲ್ಲಿ ಚೆನ್ನಾಗಿ ಸಿಗುತ್ತದೆ, ವಾರ ಕಳೆಯುವಷ್ಟರಲ್ಲಿ ಇಳಿಯುತ್ತದೆ. ಆಗ ಐಜಿಎಂ ನೋಡಬೇಕು. ಸರ್ಕಾರದ ಲೆಕ್ಕದಲ್ಲೂ ಕಾರ್ಡಿನ ಗೆರೆ ಬರೀ ಶಂಕೆ, ಖಚಿತವಾಗಲು ಎಲೈಸಾ ಬೇಕು. ಗೆರೆ ಬರಲಿಲ್ಲ ಅಂತ ಮನೆಗೆ ಹೋದವರಿಗೆ ಜ್ವರ ಬಿಟ್ಟ ಮೇಲೆ ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಇನ್ನೊಂದು ಕಾರ್ಡಿಗೆ ಕಾಯದೆ ಆಸ್ಪತ್ರೆಗೆ ಹೊರಡುವುದೇ ಸರಿ.