ಠೋಸರ ಮನೆತನದ ಜಾಡು

ಬೇಂದ್ರೆಯವರ ಜೀವನಚಿತ್ರಗಳಲ್ಲಿ ಶಿರಹಟ್ಟಿ ಒಂದು ವಾಕ್ಯದಲ್ಲಿ ಬಂದು ಮಾಯವಾಗುತ್ತದೆ. ಪೂರ್ವಜರು ಅಲ್ಲಿ ಬಂದು ನೆಲೆಸಿದರು, ಮನೆತನದ ಮೂಲ ಹೆಸರು ಠೋಸರ, ವೃತ್ತಿ ವೈದಿಕ. ಅಷ್ಟೇ. ಮುಂದಿನ ಸಾಲಿಗೆ ಧಾರವಾಡ, 1896ರ ಜನವರಿ 31. ನನ್ನನ್ನು ಕಾಡಿದ್ದು ಆ ಒಂದು ವಾಕ್ಯ. ತಿರುಳ್ಗನ್ನಡದ ಪುಲಿಗೆರೆಯ ಮಗ್ಗುಲಿಗೆ ಮರಾಠಿ ಮನೆಮಾತಿನ ಭಟ್ಟರು ಯಾಕೆ ಬಂದರು?

ಮೊದಲು ಹುಡುಕಿದ್ದೇ ತಪ್ಪು ಕಡೆ. ಶಿರಹಟ್ಟಿ ಈಗಿರುವ ಗದಗ ಜಿಲ್ಲೆಯಾದದ್ದು 1997ರಲ್ಲಿ; ಅದಕ್ಕೂ ಹಿಂದೆ ಧಾರವಾಡ ಜಿಲ್ಲೆ ಅಲ್ಲವೇ ಎಂದು ಬ್ರಿಟಿಷರ ಕಾಲದ ತಾಲೂಕು ಪಟ್ಟಿ ತೆರೆದೆ. ಗದಗ ಉಂಟು, ಮುಂಡರಗಿ ಉಂಟು, ಶಿರಹಟ್ಟಿ ಇಲ್ಲ. ಅದು ಸಿಕ್ಕಿದ್ದು ಸಾಂಗ್ಲಿಯ ಲೆಕ್ಕದಲ್ಲಿ. ಪಟವರ್ಧನರ ಆ ಸಂಸ್ಥಾನ ಹರಿದ ಕೌದಿಯಂತೆ ಚದುರಿತ್ತು: ಕೃಷ್ಣೆಯ ದಂಡೆಯ ಊರುಗಳು, ಮಂಗಳವೇಢೆ, ತೇರದಾಳ, ಬೆಳಗಾವಿಗೆ ಅಂಟಿದ ಶಹಾಪುರ, ತುಂಗಭದ್ರೆಯ ಉತ್ತರಕ್ಕೆ ಶಿರಹಟ್ಟಿ. ಪಕ್ಕದ ಲಕ್ಷ್ಮೇಶ್ವರ, ಅಂದರೆ ಆ ಪುಲಿಗೆರೆ, ಮಿರಜದ ಪಾಲು. ಗದಗ, ಶಿರಹಟ್ಟಿ, ಲಕ್ಷ್ಮೇಶ್ವರ ಸುತ್ತಿ ಬರುವ ಚಕ್ಕಡಿ ಮೂರು ಸರಕಾರಗಳ ನೆಲ ತುಳಿಯುತ್ತಿತ್ತು! 1948ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೂ ಇದೇ ಪಾಡು. ದರಬಾರಿಗೆ ಮರಾಠಿ, ದಫ್ತರಕ್ಕೆ ಮೋಡಿ ಲಿಪಿ, ಸಂತೆಗೆ ಕನ್ನಡ. ಭಟ್ಟರಿಗೆ ಇದು ಪರದೇಶವೇನೂ ಆಗಿರಲಿಲ್ಲ.

ಇಲ್ಲಿಗೆ ಬಂದಾಗ, ಹೀಗೆಯೇ ಎರಡು ಭಾಷೆಗಳ ನಡುವೆ ಬೆಳೆದ ಕವಿ ಇವಾನ್ ಗೋಲ್ ನೆನಪಾದ. 1891ರಲ್ಲಿ ಫ್ರಾನ್ಸಿನ ಸೇಂಟ್ ಡಿಯೆಯಲ್ಲಿ ಹುಟ್ಟಿದವನು. ತಂದೆ ತೀರಿದ ಮೇಲೆ ತಾಯಿಯೊಡನೆ ಮೆಟ್ಸ್ ಸೇರಿದ. ಆಗ ಆ ಊರು ಜರ್ಮನಿಯದು. ಮನೆಯಲ್ಲಿ ಫ್ರೆಂಚ್, ಶಾಲೆಯಲ್ಲಿ ಜರ್ಮನ್, ಕವಿತೆ ಎರಡರಲ್ಲೂ. ಬೇಂದ್ರೆಯವರೂ ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡವರು. ತಾಯಿ ಅಂಬಿಕೆಯ ಹೆಸರನ್ನೇ ಕಾವ್ಯನಾಮದಲ್ಲಿ ಹೊತ್ತವರು. ಹೋಲಿಕೆಯನ್ನು ಇದಕ್ಕಿಂತ ಎಳೆಯಲಾರೆ. ಗೋಲ್ ಕಾಗದದ ಮೇಲೆ ಎರಡು ಭಾಷೆಗಳಲ್ಲೂ ಸಂಸಾರ ಹೂಡಿದ. ಬೇಂದ್ರೆ ಮನೆಮಾತನ್ನು ಒಳಗಿಟ್ಟು, ಧಾರವಾಡದ ಓಣಿಯ ಕನ್ನಡಕ್ಕೇ ಕಾವ್ಯ ಒಪ್ಪಿಸಿದರು.

ಆದರೆ ಮರಾಠಿ ಅವರನ್ನು ಬಿಡಲಿಲ್ಲ. ಓದು ಪುಣೆಯಲ್ಲಿ, 1944ರಿಂದ 1956ರವರೆಗೆ ಕನ್ನಡ ಕಲಿಸಿದ್ದು ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ. ಮರಾಠಿಯಲ್ಲಿ ಬರೆದ ‘ಸಂವಾದ’ಕ್ಕೆ 1965ರಲ್ಲಿ ಕೇಳ್ಕರ್ ಬಹುಮಾನ ಬಂತು. ‘ನಾಕುತಂತಿ’ಯ ಜ್ಞಾನಪೀಠ ನಮ್ಮ ಹುಡುಗರಿಗೆ ಬಾಯಿಪಾಠ; ‘ಸಂವಾದ’ದ ಹೆಸರು ಹೇಳಿದರೆ ಮೇಷ್ಟರುಗಳೂ ತಲೆ ಕೆರೆದುಕೊಳ್ಳುತ್ತಾರೆ. ನಾನು ನೋಡಿದ ಕೃತಿಸೂಚಿಗಳಲ್ಲಿ ಮರಾಠಿ ಪುಸ್ತಕಗಳಿಗೆ ಜಾಗ ಸಿಕ್ಕಿದ್ದು ಪಂಕ್ತಿಯ ಕಡೆಗೆ, ಹೇಳದೆ ಬಂದ ಬೀಗರಂತೆ.

ಸದ್ಯ ಮೋಡಿ ಅಕ್ಷರ ತಿದ್ದುತ್ತಿದ್ದೇನೆ. ಮೊದಲು ಕಲಿತ ಪದ ‘ಠೋಸರ’.