ಅಪ್ಪನ ಕಾರು, ಅಮ್ಮನ ಕೈ

ನಮ್ಮಮ್ಮನ ಬಲ ಮಣಿಕಟ್ಟಿನ ಮೇಲೆ ಒಂದು ಸುಟ್ಟ ಕಲೆಯಿದೆ. ಒಲೆಯದಲ್ಲ, ಕಾರಿನದು. 1978ರಲ್ಲಿ ಧರ್ಮಸ್ಥಳದಿಂದ ಊರಿಗೆ ಮರಳುವಾಗ ಚಾರ್ಮಾಡಿ ಘಾಟಿಯ ತಿರುವೊಂದರಲ್ಲಿ ನಮ್ಮ ಅಂಬಾಸಿಡರ್ ಬುಸುಗುಟ್ಟಿ ನಿಂತಿತು. ಅಪ್ಪ ಕಲ್ಲು ಹುಡುಕಿ ಚಕ್ರಕ್ಕೆ ಕೊಡುವಷ್ಟರಲ್ಲಿ ಅಮ್ಮ ಸೆರಗು ಸುತ್ತಿ ರೇಡಿಯೇಟರಿನ ಮುಚ್ಚಳ ತಿರುಗಿಸಿಬಿಟ್ಟಳು. ಕುಕ್ಕರ್ ಇಟ್ಟು ಬಲ್ಲವರಿಗೆ ಮುಂದಿನದು ಹೇಳಬೇಕಿಲ್ಲ.

“ನಿನಗ್ಯಾಕೆ ಬೇಕಿತ್ತು” ಎಂದು ಎಲ್ಲರೂ ಅಮ್ಮನನ್ನೇ ಅಂದರು. ಕಾರಿನ ತಪ್ಪೂ ಇತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರೇ 1950ರ ದಶಕದ ಕೊನೆಯಲ್ಲಿ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಆದದ್ದು. ಅದರ ಫ್ಯಾನು ಎಂಜಿನ್ನಿನ ಬೆಲ್ಟಿಗೆ ಕಟ್ಟಿದ್ದು. ನೀರಿನ ಪಂಪು, ಡೈನಮೊ ಎಲ್ಲ ಅದೇ ಬೆಲ್ಟಿನಲ್ಲಿ. ಬಯಲಿನಲ್ಲಿ ಓಡುವಾಗ ಎದುರುಗಾಳಿಯೇ ಸಾಕು, ಆಗ ಫ್ಯಾನು ಗಿರಗಿರ. ಲಾರಿಯ ಹಿಂದೆ ನಿಂತು ನಿಂತು ಘಾಟಿ ಹತ್ತುವಾಗ ಗಾಳಿಯಿಲ್ಲ, ನಿಂತಲ್ಲೆಲ್ಲ ಎಂಜಿನ್ ಮೆಲ್ಲಗಾದಂತೆ ಫ್ಯಾನೂ ಮೆಲ್ಲಗೆ. ಬೇಕಾದ ಹೊತ್ತಿಗೇ ಮೈಗಳ್ಳನಾಗುವ ಆಳು! ಅದಕ್ಕೇ ಡಿಕ್ಕಿಯಲ್ಲಿ ಸದಾ ಒಂದು ಕ್ಯಾನು ನೀರು. ತುಂಬಿಡುವ ಕೆಲಸ ಅಮ್ಮನದು.

1983ರ ಕೊನೆಯಲ್ಲಿ ಮಾರುತಿ 800 ಬಂತು. ಅದರ ಫ್ಯಾನಿಗೆ ಬೇರೆಯದೇ ಕರೆಂಟ್ ಮೋಟರು. ನೀರು ಕಾದರೆ ತಾನೇ ಶುರು, ತಣಿದರೆ ತಾನೇ ಬಂದ್. ಎಂಜಿನ್ನಿನ ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ.

2014ರಲ್ಲಿ ಅಂಬಾಸಿಡರ್ ತಯಾರಿಕೆಯೇ ನಿಂತಿತು. ಅಪ್ಪ ಹೋದ ಮೇಲೂ ತಮ್ಮ ಆ ಕಾರನ್ನು ಮಾರಲಿಲ್ಲ. ಕಳೆದ ವರ್ಷ, “ಅಕ್ಕ, ಇದಕ್ಕೂ ಕರೆಂಟ್ ಫ್ಯಾನು ಹಾಕಿಸ್ತೀನಿ” ಎಂದಾಗ ಜಗಳಕ್ಕೆ ನಿಂತವಳು ನಾನೇ. ಅಪ್ಪ ಇಟ್ಟದ್ದನ್ನು ಬದಲಿಸಬಾರದೆಂಬ ಹಟ. ಚರಿತ್ರೆ ಪಾಠ ಹೇಳುವವರಿಗೆ ಈ ಕಾಯಿಲೆ ಸ್ವಲ್ಪ ಜಾಸ್ತಿ. ಮೇಸ್ತ್ರಿ ಬೇರೆ ಪಟ್ಟಿ ಒಪ್ಪಿಸಿದ: ಹಳೇ ಡೈನಮೊ ಹೆಡ್‌ಲೈಟಿಗೇ ತಿಣುಕುತ್ತದೆ, ಆಲ್ಟರ್ನೇಟರ್ ಬೇಕು, ಫ್ಯೂಸು, ರಿಲೇ, ಬಿಸಿ ಅರಿಯುವ ಸ್ವಿಚ್ಚು. “ಮೊದಲು ರೇಡಿಯೇಟರ್ ತೊಳೀಬೇಕು ಮೇಡಂ, ಒಳಗೆ ಸುಣ್ಣ ಕಟ್ಟಿದ್ರೆ ಯಾವ ಫ್ಯಾನು ಹಾಕಿದ್ರೂ ಅಷ್ಟೇ” ಎಂದ. ನಾನು ಅದನ್ನೇ ಹಿಡಿದುಕೊಂಡು, ತೊಳೆಸಿದರೆ ಸಾಕಲ್ಲ ಎಂದೆ.

ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ತಲೆಯೆತ್ತಲಿಲ್ಲ. “ಕಾರು ನಿಮ್ಮಪ್ಪಂದು, ಸರಿ. ಕೈ ನಂದು” ಎಂದಳು.

ನಾನು ಮತ್ತೆ ಮಾತಾಡಲಿಲ್ಲ. ಡಿಸೆಂಬರಿನಲ್ಲಿ ಮೂವರೂ ಚಾರ್ಮಾಡಿ ಹತ್ತಿದೆವು. ತಿರುವಿನಲ್ಲಿ ಬಸ್ಸೊಂದು ಸಿಕ್ಕಿಕೊಂಡು ಕಾದು ನಿಂತಾಗ ಬಾನೆಟ್ಟಿನೊಳಗಿಂದ ಗುಂಯ್ ಎಂಬ ಸದ್ದು ಶುರುವಾಯಿತು. ಉಷ್ಣದ ಮುಳ್ಳು ಮೇಲೇರದೆ ನಿಂತಿತು. ತಮ್ಮ ಹೆಮ್ಮೆಯಿಂದ ಹಿಂದಿರುಗಿ ನೋಡಿದ. ಅಮ್ಮ ಕಾಲಬುಡದ ನೀರಿನ ಕ್ಯಾನು ಬೀಳದಂತೆ ಒಂದು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು.